ಹೊರದೇಶದ ಅಲ್ಪಾವಧಿ ಸೇವೆ ಮತ್ತು ಮನೆಯ ಹೊಣೆ

ಯುದ್ಧ, ಬರಗಾಲ, ಭೂಕಂಪ, ಸಾಂಕ್ರಾಮಿಕ ರೋಗಗಳಿಗೆ ಸಿಕ್ಕಿದ ಜನರಿಗೆ, ಅವರ ಮತ, ಕುಲ, ಪಕ್ಷಗಳನ್ನು ವಿಚಾರಿಸದೆ, ಅನ್ನ, ನೀರು, ಆಶ್ರಯ, ಚಿಕಿತ್ಸೆಗಳನ್ನು ಒದಗಿಸುವ ಕೆಲಸಕ್ಕೆ ಮಾನವೀಯ ನೆರವು ಎಂಬ ಹೆಸರಿದೆ. 1863ರಲ್ಲಿ ಜಿನೀವಾದಲ್ಲಿ ಸ್ಥಾಪನೆಯಾದ ರೆಡ್ ಕ್ರಾಸ್ ಅಂತಾರಾಷ್ಟ್ರೀಯ ಸಮಿತಿ, 1970ರಲ್ಲಿ ಆರಂಭವಾದ ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ, 1971ರಲ್ಲಿ ಫ್ರಾನ್ಸಿನ ಕೆಲವು ವೈದ್ಯರೂ ಪತ್ರಕರ್ತರೂ ಕೂಡಿ ಕಟ್ಟಿದ ಮೆಡಿಸ್ಯಾಂ ಸಾನ್ ಫ್ರಾಂಟಿಯೆರ್ (ಗಡಿಗಳಿಲ್ಲದ ವೈದ್ಯರು) ಅಥವಾ ಎಂಎಸ್‌ಎಫ್ ಮೊದಲಾದವು ಈ ಕೆಲಸಕ್ಕಾಗಿ ಬೇರೆ ಬೇರೆ ದೇಶಗಳ ಪರಿಣತರನ್ನು ಗೊತ್ತಾದ ಅವಧಿಗೆ ನೇಮಿಸಿಕೊಳ್ಳುತ್ತವೆ. ಯೋಜನೆಯ ಉಸ್ತುವಾರಿ, ಲೆಕ್ಕಪತ್ರ, ಸರಬರಾಜುಗಳಂಥ ಹುದ್ದೆಗಳಿಗೆ ಹೋಗುವವರು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ ಉಳಿಯಬೇಕಾಗುತ್ತದೆ. ಶಸ್ತ್ರಚಿಕಿತ್ಸಕರು, ಪ್ರಸೂತಿ ತಜ್ಞರು ಮತ್ತು ಅರಿವಳಿಕೆ ತಜ್ಞರಿಗೆ ಮಾತ್ರ ಕೆಲವು ವಾರಗಳಿಂದ ಮೂರು ತಿಂಗಳವರೆಗಿನ ಅಲ್ಪಾವಧಿಯ ಅವಕಾಶವಿರುತ್ತದೆ. ಹಗಲಿರುಳೂ ಕರೆಗೆ ಸಿದ್ಧರಾಗಿರಬೇಕಾದ ಈ ವಿಭಾಗದವರು ಬೇಗ ದಣಿಯುತ್ತಾರೆ ಎಂಬುದು ಇದಕ್ಕೆ ಒಂದು ಕಾರಣವಾದರೆ, ಊರಿನಲ್ಲಿರುವ ಆಸ್ಪತ್ರೆ ಮತ್ತು ರೋಗಿಗಳನ್ನು ಅವರು ಹೆಚ್ಚು ಕಾಲ ಬಿಟ್ಟಿರಲಾರರು ಎಂಬುದು ಇನ್ನೊಂದು.

ಅವಧಿ ಚಿಕ್ಕದಾದಷ್ಟೂ ನಿರ್ಧಾರ ಸುಲಭವೆಂದು ಮೇಲ್ನೋಟಕ್ಕೆ ಅನಿಸುತ್ತದೆ. ಧಾರವಾಡದಲ್ಲಿ ಅರಿವಳಿಕೆ ತಜ್ಞೆಯಾಗಿರುವ, ಮೊದಲ ಕರೆಯನ್ನು ಮುಂದೂಡಿ ನಂತರದ ಕರೆಗೆ ಓಗೊಟ್ಟು ದಕ್ಷಿಣ ಸುಡಾನಿನಲ್ಲಿ ಕೆಲಸ ಮಾಡಿ ಬಂದ ಈ ಬರಹದ ಲೇಖಕಿಯ ಅನುಭವ ಈ ಅನಿಸಿಕೆಯನ್ನು ಒಪ್ಪುವುದಿಲ್ಲ. ಒಂದು ವರ್ಷಕ್ಕೆಂದು ಹೋಗುವವರು ಮನೆಯನ್ನೇ ಹೊಸದಾಗಿ ಅಣಿಗೊಳಿಸಿ ಹೋಗುತ್ತಾರೆ. ಮೂರು ತಿಂಗಳಿಗೆ ಹೋಗುವವರು ಹೇಗೋ ನಡೆದೀತೆಂದು ಎಲ್ಲವನ್ನೂ ಇದ್ದ ಹಾಗೆಯೇ ಬಿಟ್ಟು ಹೋಗುವ ಸಂಭವ ಹೆಚ್ಚು, ಮತ್ತು ಆ ‘ಹೇಗೋ’ ಎಂಬುದರ ಭಾರವೆಲ್ಲ ಯಾರೋ ಒಬ್ಬರ ಹೆಗಲಿಗೆ ಬೀಳುತ್ತದೆ. ಅಲ್ಪಾವಧಿಯ ಸೇವೆಯ ಒಳಿತು ಕೆಡುಕುಗಳು ಹೋಗುವವರ ಉತ್ಸಾಹಕ್ಕಿಂತ ಹೆಚ್ಚಾಗಿ ಎರಡು ಹಸ್ತಾಂತರಗಳನ್ನು ಅವಲಂಬಿಸಿವೆ: ಹೊರಡುವಾಗ ಮನೆಯಲ್ಲಿ ಯಾರಿಗೆ ಏನನ್ನು ಒಪ್ಪಿಸಲಾಯಿತು, ಮರಳುವಾಗ ಅಲ್ಲಿಯ ಆಸ್ಪತ್ರೆಯಲ್ಲಿ ಯಾರಿಗೆ ಏನನ್ನು ಒಪ್ಪಿಸಲಾಯಿತು. ಈ ಲೇಖನದ ವಾದ ಇಷ್ಟೇ.

ಮನೆಯ ಕಡೆಯ ಪ್ರಶ್ನೆ

ಇಂಥ ಕೆಲಸದ ಮಾತು ಬಂದಾಗ ನೆಂಟರಿಷ್ಟರು ಗಂಡಸರನ್ನು ಸಂಬಳವೆಷ್ಟು, ಜೀವಕ್ಕೆ ಅಪಾಯವಿಲ್ಲವೇ ಎಂದು ಕೇಳಿದರೆ, ಹೆಂಗಸರನ್ನು ಮನೆ ನೋಡಿಕೊಳ್ಳುವವರು ಯಾರು ಎಂದು ಕೇಳುತ್ತಾರೆ. ಈ ಭೇದ ಅನ್ಯಾಯದ್ದೇ. ಆದರೂ ಎರಡನೆಯ ಪ್ರಶ್ನೆ ತಪ್ಪು ಪ್ರಶ್ನೆಯಲ್ಲ. ಅದನ್ನು ಗಂಡಸರಿಗೂ ಕೇಳಬೇಕಾಗಿತ್ತು ಎಂಬುದಷ್ಟೇ ಆಕ್ಷೇಪ. ಲೇಖಕಿಗೆ ಮೊದಲ ಕರೆ ಬಂದಾಗ ಮಗಳು ಎಸ್ಸೆಸ್ಸೆಲ್ಸಿಯಲ್ಲಿದ್ದಳು, ಪತಿ ಪರವೂರಿನ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು, ಬಹುಕಾಲದ ಉಬ್ಬಸವಿದ್ದ ಅತ್ತೆಗೆ ಚಳಿಗಾಲದ ರಾತ್ರಿಗಳಲ್ಲಿ ನೆಬುಲೈಜರ್, ಅಂದರೆ ಔಷಧವನ್ನು ಆವಿಯಂತೆ ಮಾಡಿ ಉಸಿರಿನ ಮೂಲಕ ಒಳಗೆ ಕಳಿಸುವ ಯಂತ್ರ, ಬೇಕಾಗುತ್ತಿತ್ತು. ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ಹೋಗಿ ಬಾ ಎಂಬ ಮಾತು ಎಲ್ಲರಿಂದಲೂ ಬಂತು, ಒಪ್ಪಿಗೆಯಲ್ಲಿ ಅಡಗಿದ್ದ ನಿಜವಾದ ಪ್ರಶ್ನೆ ಬಂದದ್ದು ಮಾತ್ರ ಅತ್ತೆಯಿಂದ: “ಹೋಗಿ ಬಾರವಾ, ಬ್ಯಾಡ ಅನ್ನೂದಿಲ್ಲ. ಆದ್ರ ನಡುರಾತ್ರಿ ನನಗ ದಮ್ಮ ಹತ್ತಿದ್ರ ಯಾರನ್ನ ಎಬ್ಬಸ್ಲಿ, ಅದನ್ನ ಹೇಳಿ ಹೋಗು.”

ಈ ಮಾತಿನಲ್ಲಿ ದೂರಾಗಲಿ ತಡೆಯಾಗಲಿ ಇಲ್ಲ. ಕೆಲಸಕ್ಕೊಂದು ಹೆಸರು ಬೇಕೆಂಬ ಬೇಡಿಕೆಯಿದೆ. ‘ಎಲ್ಲರೂ ನೋಡಿಕೊಳ್ಳುತ್ತೇವೆ’ ಎಂಬ ಉತ್ತರದಿಂದ ನಡುರಾತ್ರಿಯಲ್ಲಿ ಯಾರೂ ಎಚ್ಚರಗೊಳ್ಳುವುದಿಲ್ಲ. ಆ ವರ್ಷ ಹೆಸರು ಹೇಳಲಾಗದ ಕಾರಣಕ್ಕೆ ಕರೆಯನ್ನು ಮುಂದೂಡಲಾಯಿತು. ಮುಂದೆ ನಾದಿನಿ ಬಂದಿರಲು ಒಪ್ಪಿದ ಮೇಲೆ, ಮತ್ತು ಮಗಳು ಪಿಯುಸಿಯ ಮೊದಲ ವರ್ಷ ಸೇರಿದ ಮೇಲೆ, ಅದೇ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಕ್ಕಿತು. ನಾದಿನಿಯ ಒಪ್ಪಿಗೆಯಲ್ಲೂ ಗಮನಿಸಬೇಕಾದ ಒಂದು ಅಂಶವಿದೆ. ಆಕೆ ಹೊಲಿಗೆ ಕೆಲಸದಿಂದ ಸಂಪಾದಿಸುತ್ತಿದ್ದವರು; ಮೂರು ತಿಂಗಳು ಅಣ್ಣನ ಮನೆಯಲ್ಲಿ ಉಳಿದರೆ ಹಬ್ಬದ ಕಾಲದ ಗಿರಾಕಿಗಳು ಕೈತಪ್ಪುತ್ತಾರೆ. ಮಾನವೀಯ ಸಂಸ್ಥೆಗಳು ಕೊಡುವ ಭತ್ಯೆ ದೊಡ್ಡದಲ್ಲದಿದ್ದರೂ, ಅದರಲ್ಲಿ ಮೊದಲ ಪಾಲು ಮನೆಯಲ್ಲಿ ಹೊಣೆ ಹೊತ್ತವರಿಗೆ ಸಲ್ಲಬೇಕೆಂದು ಹೊರಡುವ ಮುನ್ನವೇ ಗೊತ್ತು ಮಾಡಿದ್ದು ಆ ವ್ಯವಸ್ಥೆಯನ್ನು ಬಾಳಿಸಿತು. ದೂರದ ದೇಶದಲ್ಲಿ ಸೇವೆ ಸಲ್ಲಿಸುವವರ ಹೆಸರು ಪತ್ರಿಕೆಯಲ್ಲಿ ಬರಬಹುದು. ಅವರ ಮನೆಯಲ್ಲಿ ಇನ್‌ಹೇಲರ್ ಮುಗಿಯಿತೇ ಎಂದು ನೋಡುವವರ ದುಡಿಮೆಯೂ ಆ ಸೇವೆಯದೇ ಒಂದು ಭಾಗ. ಅದನ್ನು ಪ್ರೀತಿಯ ಲೆಕ್ಕಕ್ಕೆ ಬರೆದು ಮರೆತುಬಿಡುವುದು ನ್ಯಾಯವಲ್ಲ.

ಹಸ್ತಾಂತರ ಎಷ್ಟು ಸೂಕ್ಷ್ಮವಾಗಿರಬೇಕು ಎಂಬುದಕ್ಕೆ ಬ್ಯಾಂಕಿನ ಒಟಿಪಿ ಒಳ್ಳೆಯ ಉದಾಹರಣೆ. ಹಣ ಪಾವತಿಗೆ ಬೇಕಾದ ಒಂದು ಬಾರಿಯ ಗುಪ್ತಸಂಖ್ಯೆ ಖಾತೆದಾರರ ಮೊಬೈಲಿಗೇ ಹೋಗುತ್ತದೆ. ಖಾತೆದಾರರು ಸಿಗ್ನಲ್ ಇಲ್ಲದ ಹಳ್ಳಿಯಲ್ಲಿದ್ದರೆ ಗೃಹಸಾಲದ ಕಂತು, ವಿದ್ಯುತ್ ಬಿಲ್ಲು, ಕಾಲೇಜಿನ ಶುಲ್ಕಗಳೆಲ್ಲ ನಿಂತುಬಿಡುತ್ತವೆ. ಹೀಗಾಗಿ ಕಂತುಗಳಿಗೆ ಖಾತೆಯಿಂದ ತಾನಾಗಿಯೇ ಕಡಿತವಾಗುವ ಏರ್ಪಾಡು, ಪತಿಯೊಂದಿಗೆ ಜಂಟಿ ಖಾತೆ, ಆಸ್ತಿ ವ್ಯವಹಾರವೇನಾದರೂ ನಡುವೆ ಇದ್ದರೆ ನೋಂದಾಯಿತ ಅಧಿಕಾರ ಪತ್ರ, ಪಿಂಚಣಿ ಪಡೆಯುವ ಹಿರಿಯರಿದ್ದರೆ ನವೆಂಬರ್ ತಿಂಗಳಲ್ಲಿ ಸಲ್ಲಿಸಬೇಕಾದ ಜೀವಿತ ಪ್ರಮಾಣಪತ್ರದ ನೆನಪು, ಇವೆಲ್ಲವೂ ಪೆಟ್ಟಿಗೆ ಕಟ್ಟುವುದಕ್ಕಿಂತ ಮೊದಲು ಮುಗಿಯಬೇಕಾದ ಕೆಲಸಗಳಾಗುತ್ತವೆ.

ಕಾನೂನು, ತೆರಿಗೆ, ಆರೋಗ್ಯ

ಸರ್ಕಾರಿ ಆಸ್ಪತ್ರೆಗಳ ವೈದ್ಯರು ಮತ್ತು ನರ್ಸುಗಳು ಇಲಾಖೆಯ ಪೂರ್ವಾನುಮತಿ ಮತ್ತು ರಜೆಯ ಮಂಜೂರಾತಿ ಇಲ್ಲದೆ ಹೊರದೇಶದಲ್ಲಿ ಕೆಲಸ ಒಪ್ಪುವಂತಿಲ್ಲ; ಖಾಸಗಿ ಆಸ್ಪತ್ರೆಯವರು ಸಂಬಳವಿಲ್ಲದ ರಜೆಯನ್ನು, ಸ್ವಂತ ವೃತ್ತಿಯವರು ಬದಲಿ ವೈದ್ಯರನ್ನು ಹೊಂದಿಸಿಕೊಳ್ಳಬೇಕು. ಪಾಸ್‌ಪೋರ್ಟಿಗೆ ಸಂಬಂಧಿಸಿದಂತೆ 1983ರ ವಲಸೆ ಕಾಯ್ದೆಯಡಿ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವವರು ಮೊದಲು ಅನುಮತಿ ಪಡೆಯಬೇಕೆಂಬ ಪದ್ಧತಿ ಬೆಳೆದು ಬಂದಿದೆ. ಆ ದೇಶಗಳ ಪಟ್ಟಿಯಲ್ಲಿ ದಕ್ಷಿಣ ಸುಡಾನ್, ಯೆಮನ್, ಸಿರಿಯಾಗಳೂ ಇವೆಯಾದರೂ, ಮೆಟ್ರಿಕ್ ಅಥವಾ ಅದಕ್ಕಿಂತ ಹೆಚ್ಚು ಓದಿದವರಿಗೆ ಸಾಮಾನ್ಯವಾಗಿ ಈ ಅನುಮತಿ ಬೇಕಾಗುವುದಿಲ್ಲ.

ಹೊರದೇಶದಲ್ಲಿ ಗಳಿಸಿದ ಹಣಕ್ಕೆ ಇಲ್ಲಿ ತೆರಿಗೆ ಇಲ್ಲವೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಒಂದು ಆರ್ಥಿಕ ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಭಾರತದಲ್ಲಿದ್ದವರನ್ನು ತೆರಿಗೆ ಕಾನೂನು ನಿವಾಸಿಯೆಂದೇ ಗಣಿಸುತ್ತದೆ, ಮತ್ತು ನಿವಾಸಿಯ ಆದಾಯ ಎಲ್ಲಿ ಹುಟ್ಟಿದರೂ ಅದನ್ನು ಇಲ್ಲಿ ತೋರಿಸಬೇಕಾಗುತ್ತದೆ. ಮೂರು ತಿಂಗಳ ಕೆಲಸಕ್ಕೆ ಹೋಗಿ ಬರುವವರು ಬಹುಮಟ್ಟಿಗೆ ಈ ವರ್ಗಕ್ಕೇ ಸೇರುತ್ತಾರೆ. ವಿಮೆಯ ವಿಷಯದಲ್ಲೂ ಎಚ್ಚರ ಬೇಕು. ಯುದ್ಧ ಮತ್ತು ಅಂತರ್ಯುದ್ಧದಿಂದಾದ ಹಾನಿಯನ್ನು ಹೊರಗಿಡುವ ಷರತ್ತು ಪ್ರವಾಸ ವಿಮೆಗಳಲ್ಲಿ ಸಾಮಾನ್ಯವಾಗಿರುವುದರಿಂದ, ನೇಮಿಸಿಕೊಳ್ಳುವ ಸಂಸ್ಥೆಯ ವಿಮೆ ಗಾಯ, ಸಾವು ಮತ್ತು ವಿಮಾನದಲ್ಲಿ ರೋಗಿಯನ್ನು ಸಾಗಿಸುವ ವೆಚ್ಚವನ್ನು ಎಷ್ಟರಮಟ್ಟಿಗೆ ಭರಿಸುತ್ತದೆ ಎಂಬುದನ್ನು ಬರಹದಲ್ಲಿ ಪಡೆದು ಮನೆಯವರ ಕೈಗೆ ಕೊಟ್ಟಿರಬೇಕು.

ಲಸಿಕೆಗಳಲ್ಲಿ ಹಳದಿ ಜ್ವರದ ಲಸಿಕೆ ಮುಖ್ಯವಾದದ್ದು. ಸೊಳ್ಳೆಯಿಂದ ಹರಡುವ ಈ ವೈರಸ್ ರೋಗ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳ ಭಾಗಗಳಲ್ಲಿದೆ, ಭಾರತದಲ್ಲಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮ ಊರುಗಳಲ್ಲೇ ಬೇಕಾದಷ್ಟಿರುವುದರಿಂದ ಭಾರತ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ರೋಗವಿರುವ ದೇಶದಿಂದ ಪ್ರಮಾಣಪತ್ರವಿಲ್ಲದೆ ಬಂದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪ್ರಮಾಣಪತ್ರ ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಊರ್ಜಿತವಾಗುತ್ತದೆ. 2016ರ ಜುಲೈನಿಂದ ಅದು ಜೀವಮಾನವಿಡೀ ಚಾಲ್ತಿಯಲ್ಲಿರುತ್ತದೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುವುದರಿಂದ, ಮುಂದಿನ ವಾರವೇ ಹೊರಡಿ ಎಂಬ ತುರ್ತು ಕರೆಗೆ ಒಪ್ಪಬಲ್ಲವರು ಲಸಿಕೆಯನ್ನು ಮೊದಲೇ ಹಾಕಿಸಿಕೊಂಡವರು ಮಾತ್ರ.

ಒಪ್ಪಂದದ ಅವಧಿ ಮತ್ತು ನಿಜವಾದ ಅವಧಿ

ಒಪ್ಪಂದದಲ್ಲಿ ಬರೆದ ಮುಕ್ತಾಯದ ದಿನಾಂಕವನ್ನು ಮನೆಗೆ ಮರಳುವ ದಿನಾಂಕವೆಂದು ನಂಬುವಂತಿಲ್ಲ. 2011ರ ಜುಲೈ 9ರಂದು ಸ್ವತಂತ್ರವಾದ, 2013ರ ಡಿಸೆಂಬರಿನಲ್ಲೇ ಅಂತರ್ಯುದ್ಧಕ್ಕೆ ಬಿದ್ದ ದಕ್ಷಿಣ ಸುಡಾನಿನಲ್ಲಿ ಡಾಂಬರು ಕಂಡ ರಸ್ತೆಗಳು ಬಹಳ ಕಡಿಮೆ. ವರ್ಷದ ಅರ್ಧಕ್ಕೂ ಹೆಚ್ಚು ಕಾಲ ಮಳೆ ಹಿಡಿದಾಗ ಕಪ್ಪು ಮಣ್ಣಿನ ದಾರಿಗಳು ಕೆಸರಾಗಿ, ದೂರದ ಊರುಗಳಿಗೆ ಸಣ್ಣ ವಿಮಾನಗಳೇ ಗತಿಯಾಗುತ್ತವೆ. ಎರೆಮಣ್ಣಿನ ನೆಲ ಮಳೆಯಲ್ಲಿ ಹೇಗಾಗುತ್ತದೆಂದು ಧಾರವಾಡದ ಕಡೆಯವರಿಗೆ ಹೇಳಬೇಕಾಗಿಲ್ಲ. ವಿಮಾನ ಇಳಿಯುವ ಪಟ್ಟಿಯೇ ಅಂಥ ಮಣ್ಣಿನದಾದರೆ, ರಾತ್ರಿ ಜೋರು ಮಳೆಯಾದ ಮರುದಿನ ವಿಮಾನ ಬರುವುದಿಲ್ಲ. ಬದಲಿ ವೈದ್ಯರು ಬರುವವರೆಗೆ ಹೊರಡುವಂತಿಲ್ಲದ ಕಾರಣ, ಊರಿನಲ್ಲಿ ನಿಗದಿಯಾದ ಕೆಲಸಗಳೆಲ್ಲ ಹಿಂದೆ ಸರಿಯುತ್ತವೆ.

ಇದಕ್ಕಿಂತ ದೊಡ್ಡ ಅಡ್ಡಿಗಳೂ ಉಂಟು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಭಾರತಕ್ಕೆ ಅಂತಾರಾಷ್ಟ್ರೀಯ ಪ್ರಯಾಣಿಕ ವಿಮಾನಗಳು ನಿಂತಾಗ, ಮೇ 7ರಿಂದ ‘ವಂದೇ ಭಾರತ್’ ವಿಮಾನಗಳು ಆರಂಭವಾಗುವವರೆಗೆ ಹೊರದೇಶದಲ್ಲಿದ್ದ ಅಸಂಖ್ಯ ಭಾರತೀಯರು ಇದ್ದಲ್ಲೇ ಇರಬೇಕಾಯಿತು. 2023ರ ಏಪ್ರಿಲ್ 15ರಂದು ಸುಡಾನಿನ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಶುರುವಾಗಿ ಖಾರ್ಟೂಮ್ ವಿಮಾನ ನಿಲ್ದಾಣ ಮುಚ್ಚಿದಾಗ, ಗಿಡಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ದೂರದ ಎಲ್ ಫಾಶರ್ ನಗರದಲ್ಲಿ ಸಿಕ್ಕಿಕೊಂಡರು. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಪೋರ್ಟ್ ಸುಡಾನಿನಿಂದ ಜೆಡ್ಡಾ ಮೂಲಕ ಸಾವಿರಾರು ಜನರನ್ನು ಕರೆತಂದಿತು. ಅವರು ನೆರವಿನ ಕೆಲಸಕ್ಕೆ ಹೋದವರಲ್ಲ. ಆದರೆ ದೇಶವೊಂದು ಹಠಾತ್ತಾಗಿ ಮುಚ್ಚಿಕೊಂಡಾಗ ಹೋದ ಉದ್ದೇಶ ಯಾವುದೆಂದು ಯುದ್ಧ ಕೇಳುವುದಿಲ್ಲ. ಆಸ್ಪತ್ರೆಯೆಂಬ ಕಾರಣಕ್ಕೆ ರಕ್ಷಣೆ ಸಿಕ್ಕೇ ಸಿಗುತ್ತದೆಂದೂ ಹೇಳಲಾಗದು. 2015ರ ಅಕ್ಟೋಬರ್ 3ರಂದು ಅಫ್ಘಾನಿಸ್ತಾನದ ಕುಂದೂಜ್‌ನಲ್ಲಿ ಎಂಎಸ್‌ಎಫ್ ಆಸ್ಪತ್ರೆಯ ಮೇಲೆ ನಡೆದ ಅಮೆರಿಕದ ವಾಯುದಾಳಿಯಲ್ಲಿ ರೋಗಿಗಳೂ ಸಿಬ್ಬಂದಿಯೂ ಸೇರಿ 42 ಜನ ಸತ್ತರು. ಮರುವರ್ಷ ಮೇ ತಿಂಗಳಲ್ಲಿ ಭದ್ರತಾ ಮಂಡಳಿ ಯುದ್ಧಭೂಮಿಯ ಆಸ್ಪತ್ರೆಗಳ ರಕ್ಷಣೆಗಾಗಿ 2286ನೆಯ ಗೊತ್ತುವಳಿಯನ್ನು ಅಂಗೀಕರಿಸಿದರೂ ಅಂಥ ದಾಳಿಗಳು ನಿಂತಿಲ್ಲ.

ಈ ಸಂಗತಿಗಳಿಂದ ಹೊರಡುವ ಪಾಠ ಸರಳವಾಗಿದೆ: ಮನೆಯ ಏರ್ಪಾಡು ಒಪ್ಪಂದದ ಅವಧಿಗಿಂತ ಉದ್ದವಾಗಿರಬೇಕು. ಮಗಳ ಪರೀಕ್ಷೆ, ಹಿರಿಯರ ಶಸ್ತ್ರಚಿಕಿತ್ಸೆ, ಮನೆಯ ಮದುವೆ ಮೊದಲಾದ ಮುಂದಕ್ಕೆ ಹಾಕಲಾಗದ ದಿನಗಳನ್ನು ಮರಳುವ ದಿನಾಂಕದ ಬೆನ್ನಿಗೇ ಇಟ್ಟುಕೊಂಡರೆ, ಒಂದು ರಾತ್ರಿಯ ಮಳೆ ಸಾಕು ಎಲ್ಲವನ್ನೂ ಕೆಡಿಸಲು. ಹೊಣೆ ಹೊತ್ತವರಿಗೂ ಮೂರು ತಿಂಗಳೆಂದು ಹೇಳಿ ನಾಲ್ಕು ಮಾಡುವ ಬದಲು, ನಾಲ್ಕೆಂದೇ ಹೇಳಿ ಅಷ್ಟಕ್ಕೆ ಅವರ ಒಪ್ಪಿಗೆ ಕೇಳುವುದು ಪ್ರಾಮಾಣಿಕ ಕ್ರಮ.

ಆ ಕಡೆಯ ಹಸ್ತಾಂತರ

ಅಲ್ಪಾವಧಿಗೆ ಹೋಗುವ ಹೊರಗಿನವರಿಂದ ಸ್ಥಳೀಯರಿಗೆ ಎಷ್ಟು ಪ್ರಯೋಜನ ಎಂಬುದು ಮನೆಯ ಪ್ರಶ್ನೆಯಷ್ಟೇ ಗಂಭೀರವಾದದ್ದು. 2010ರ ಜನವರಿ 12ರ ಹೈಟಿ ಭೂಕಂಪದ ನಂತರ ಅನೇಕ ದೇಶಗಳಿಂದ ವೈದ್ಯಕೀಯ ತಂಡಗಳು ಧಾವಿಸಿದವು. ಅವುಗಳಲ್ಲಿ ಕೆಲವು ಬೇಕಾದ ಸಲಕರಣೆಗಳಿಲ್ಲದೆ ಬಂದವು, ಕೆಲವು ಶಸ್ತ್ರಚಿಕಿತ್ಸೆಗಳ ದಾಖಲೆಗಳನ್ನೇ ಇಡದೆ ಹೊರಟುಹೋದವು. ಕೈಕಾಲು ಕತ್ತರಿಸಿಕೊಂಡ ರೋಗಿಯ ಗಾಯವನ್ನು ನಂತರ ನೋಡಬೇಕಾದವರು ಯಾರು, ಕೃತಕ ಕಾಲು ಕೊಡುವವರು ಯಾರು ಎಂಬುದಕ್ಕೆ ಉತ್ತರವಿರಲಿಲ್ಲ. ಈ ಅನುಭವದ ಹಿನ್ನೆಲೆಯಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ 2013ರಲ್ಲಿ ಹೊರದೇಶದ ವೈದ್ಯಕೀಯ ತಂಡಗಳಿಗೆ ವರ್ಗೀಕರಣವೂ ಕನಿಷ್ಠ ಮಾನದಂಡಗಳೂ ರೂಪುಗೊಂಡವು. ತಂಡ ತನ್ನ ಅನ್ನ ನೀರನ್ನು ತಾನೇ ತರಬೇಕು, ಆತಿಥೇಯ ದೇಶದಲ್ಲಿ ನೋಂದಣಿ ಮಾಡಿಸಬೇಕು, ಪ್ರತಿ ರೋಗಿಯ ದಾಖಲೆಯನ್ನು ಇಡಬೇಕು ಎಂಬುವು ಅವುಗಳ ತಿರುಳು.

ದಕ್ಷಿಣ ಸುಡಾನಿನ ಶಸ್ತ್ರಚಿಕಿತ್ಸಾ ಕೊಠಡಿಯೊಂದರ ಕೆಲಸವನ್ನು ಹತ್ತಿರದಿಂದ ನೋಡಿದರೆ ಹಸ್ತಾಂತರ ಎಂದರೇನೆಂಬುದು ಸ್ಪಷ್ಟವಾಗುತ್ತದೆ. ಅಲ್ಲಿ ಹೆಚ್ಚಾಗಿ ಬರುವವರು ಹೆರಿಗೆ ಅಡ್ಡಿಯಾದ ತಾಯಂದಿರು, ದನಗಳ ಲೂಟಿಯ ಕಾದಾಟಗಳಲ್ಲಿ ಗುಂಡು ತಗುಲಿದವರು ಮತ್ತು ಸುಟ್ಟಗಾಯದ ಮಕ್ಕಳು. ಸಿಲಿಂಡರುಗಳ ಸರಬರಾಜು ಸಾಧ್ಯವಿಲ್ಲದಿರುವುದರಿಂದ ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಕೋಣೆಯ ಗಾಳಿಯಿಂದ ಸಾರಜನಕವನ್ನು ಹೀರಿ ತೆಗೆದು ಆಮ್ಲಜನಕವನ್ನು ಉಳಿಸಿಕೊಡುವ ಯಂತ್ರ, ಬಳಕೆಯಲ್ಲಿರುತ್ತದೆ. ಆದರೆ ಅದು ವಿದ್ಯುತ್ತಿಲ್ಲದೆ ನಡೆಯುವುದಿಲ್ಲ, ವಿದ್ಯುತ್ತು ಜನರೇಟರಿನದು. ಹೀಗಾಗಿ ಉಸಿರಾಟವನ್ನು ಬಹುಮಟ್ಟಿಗೆ ಹಾಗೆಯೇ ಉಳಿಸುವ ಕೆಟಮಿನ್ ಎಂಬ ಅರಿವಳಿಕೆ ಔಷಧ ಮತ್ತು ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಸೊಂಟದ ಕೆಳಗೆ ಮಾತ್ರ ಜೋಮು ಹಿಡಿಸುವ ಕ್ರಮ ಅಲ್ಲಿಯ ಮುಖ್ಯ ಆಧಾರಗಳು. ಧಾರವಾಡದ ಆಸ್ಪತ್ರೆಯಲ್ಲಿ ಮಾನಿಟರಿನ ಪರದೆ ಹೇಳುವುದನ್ನು ಅಲ್ಲಿ ರೋಗಿಯ ಉಗುರಿನ ಬಣ್ಣ, ನಾಡಿಯ ಬಡಿತ, ಎದೆಯ ಏರಿಳಿತಗಳಿಂದ ತಿಳಿಯಬೇಕಾದ ಸಂದರ್ಭಗಳು ಬರುತ್ತವೆ, ಮತ್ತು ಅದನ್ನು ಹೊಸಬರಿಗಿಂತ ಚೆನ್ನಾಗಿ ಬಲ್ಲವರು ಹಲವು ವರ್ಷಗಳಿಂದ ಅಲ್ಲೇ ದುಡಿಯುತ್ತಿರುವ ಸ್ಥಳೀಯ ಅರಿವಳಿಕೆ ನರ್ಸುಗಳು.

ಹೊರಗಿನ ತಜ್ಞರು ಒಬ್ಬರಾದ ಮೇಲೊಬ್ಬರು ಬಂದು ಹೋಗುತ್ತಿದ್ದರೆ ಈ ನರ್ಸುಗಳಿಗೆ ಪ್ರತಿಯೊಬ್ಬರೂ ತಮ್ಮ ದೇಶದ ಪದ್ಧತಿಯನ್ನೇ ಕಲಿಸತೊಡಗುತ್ತಾರೆ; ನಿನ್ನೆಯವರು ಸರಿಯೆಂದದ್ದನ್ನು ಇಂದಿನವರು ತಪ್ಪೆನ್ನುತ್ತಾರೆ. ಆದ್ದರಿಂದ ಹೋದವರ ಮೊದಲ ಕೆಲಸ ಅಲ್ಲಿ ಚಾಲ್ತಿಯಲ್ಲಿರುವ ಪದ್ಧತಿಯನ್ನು ಕಲಿಯುವುದು, ಕೊನೆಯ ಕೆಲಸ ಅದನ್ನು ಕೆಡಿಸದೆ ಮುಂದಿನವರಿಗೆ ಒಪ್ಪಿಸುವುದು. ಒಳ್ಳೆಯ ಹಸ್ತಾಂತರದ ಪುಸ್ತಕದಲ್ಲಿ ಪಾಂಡಿತ್ಯದ ಮಾತುಗಳು ಇರುವುದಿಲ್ಲ: ಯಾವ ಕಾನ್ಸಂಟ್ರೇಟರಿನ ಹರಿವು ಬಿಸಿಲೇರಿದ ಮೇಲೆ ತಗ್ಗುತ್ತದೆ, ಜನರೇಟರ್ ನಿಂತಾಗ ಯಾರನ್ನು ಕೂಗಬೇಕು, ಬೀಗ ಹಾಕಿದ ಕಪಾಟಿನಲ್ಲಿ ಮಾರ್ಫಿನ್ ಮತ್ತು ಕೆಟಮಿನ್ ಎಷ್ಟು ಉಳಿದಿವೆ ಎಂಬುದಕ್ಕೆ ಕೊಡುವವರ ಮತ್ತು ಪಡೆಯುವವರ ಇಬ್ಬರ ಸಹಿ, ಯಾವ ನರ್ಸ್ ಮಕ್ಕಳಿಗೆ ಅರಿವಳಿಕೆ ಕೊಡುವುದನ್ನು ಒಬ್ಬರೇ ನಿಭಾಯಿಸಬಲ್ಲರು, ಯಾವ ರೋಗಿಗೆ ಗಾಯದ ಕಟ್ಟು ಬದಲಿಸುವ ಸರದಿ ಮಂಗಳವಾರವಿದೆ. ರಾತ್ರಿ ಮೂರು ಗಂಟೆಗೆ ಯಾರನ್ನು ಎಬ್ಬಿಸಬೇಕು ಎಂಬ ಪ್ರಶ್ನೆ ಇಲ್ಲಿಯೂ ಇದ್ದೇ ಇದೆ, ಮತ್ತು ಅದಕ್ಕೆ ಸಿಗುವ ಉತ್ತರ ಹೆಚ್ಚಿನ ಸಲ ಸ್ಥಳೀಯರೊಬ್ಬರ ಹೆಸರೇ. ಮಾನವೀಯ ನೆರವಿನ ಸಿಬ್ಬಂದಿಯಲ್ಲಿ ಬಹುಪಾಲು ಜನ ಆಯಾ ದೇಶದವರೇ ಆಗಿರುತ್ತಾರೆ. ದಾಳಿಗಳಲ್ಲಿ ಸಾಯುವವರಲ್ಲಿಯೂ ಅವರೇ ಹೆಚ್ಚು. ಅಲ್ಪಾವಧಿಗೆ ಬಂದವರು ಅವರ ಕೆಲಸಕ್ಕೆ ಒತ್ತಾಸೆ.

ಮರಳಿದ ಮೇಲೆ

ಮರಳುವುದನ್ನೂ ಕೆಲಸದ ಭಾಗವಾಗಿಯೇ ಯೋಜಿಸಬೇಕಾಗುತ್ತದೆ. 2014ರಲ್ಲಿ ಪಶ್ಚಿಮ ಆಫ್ರಿಕದ ಎಬೋಲಾ ಕಾಲದಲ್ಲಿ, ರೋಗಾಣು ಹೊಕ್ಕ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಗರಿಷ್ಠ 21 ದಿನ ಬೇಕಾಗುತ್ತದೆಂಬ ಆಧಾರದ ಮೇಲೆ, ಹಿಂದಿರುಗಿದ ಆರೋಗ್ಯ ಕಾರ್ಯಕರ್ತರು ಅಷ್ಟು ದಿನ ಜ್ವರ ನೋಡಿಕೊಳ್ಳಬೇಕಾಗಿತ್ತು. ಮನೆಗೆ ಬಂದೂ ಮಕ್ಕಳನ್ನು ಅಪ್ಪಿಕೊಳ್ಳಲು ಹಿಂಜರಿಯುವ ಸ್ಥಿತಿ ಹಲವರದಾಗಿತ್ತು. ಅಂಥ ರೋಗವಿಲ್ಲದ ದೇಶದಿಂದ ಬಂದವರಿಗೂ ಮಲೇರಿಯಾದ ಅಪಾಯ ತಪ್ಪಿದ್ದಲ್ಲ. ಆಫ್ರಿಕದಲ್ಲಿ ಹೆಚ್ಚಾಗಿರುವ ಫಾಲ್ಸಿಪೇರಮ್ ಬಗೆಯ ಮಲೇರಿಯಾ ಮರಳಿದ ಕೆಲವು ವಾರಗಳ ನಂತರವೂ ಕಾಣಿಸಿಕೊಂಡು ಮಿದುಳಿಗೆ ಏರಬಲ್ಲದು. ಇಲ್ಲಿಯ ಮಳೆಗಾಲದಲ್ಲಿ ಜ್ವರವೆಂದರೆ ಡೆಂಗಿಯ ಅನುಮಾನವೇ ಮೊದಲು ಬರುವುದರಿಂದ, ಹೋಗಿ ಬಂದ ದೇಶದ ಹೆಸರನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕೆಂಬುದನ್ನು ಮನೆಯವರೂ ತಿಳಿದಿರುವುದು ಒಳ್ಳೆಯದು.

ಮನೆಯೊಳಗಿನ ಮರುಹೊಂದಾಣಿಕೆ ಇನ್ನೂ ನಿಧಾನವಾದದ್ದು. ಹೋದವರ ಗೈರುಹಾಜರಿಯಲ್ಲಿ ಮನೆ ತನ್ನದೇ ಹೊಸ ಕ್ರಮವನ್ನು ಕಂಡುಕೊಂಡಿರುತ್ತದೆ: ಮಾತ್ರೆಯ ಡಬ್ಬಿ ಬೇರೆ ಕಪಾಟಿಗೆ ಹೋಗಿರುತ್ತದೆ, ಮಗಳು ತನ್ನ ಶುಲ್ಕವನ್ನು ತಾನೇ ಕಟ್ಟಲು ಕಲಿತಿರುತ್ತಾಳೆ, ಪತಿ ಬೆಳಗಿನ ಅಡುಗೆಗೆ ತಮ್ಮದೇ ಸಮಯ ಗೊತ್ತು ಮಾಡಿಕೊಂಡಿರುತ್ತಾರೆ. ಮರಳಿದವರು ಬಂದ ಮರುದಿನವೇ ಎಲ್ಲವನ್ನೂ ಹಳೆಯ ಸ್ಥಿತಿಗೆ ತರಹೊರಟರೆ, ಅಷ್ಟು ಕಾಲ ಹೊಣೆ ಹೊತ್ತವರ ದುಡಿಮೆಯನ್ನು ಅಳಿಸಿದಂತೆ ಆಗುತ್ತದೆ. ಹೊರಗಿನ ಆಸ್ಪತ್ರೆಯಲ್ಲಿ ಚಾಲ್ತಿಯ ಪದ್ಧತಿಯನ್ನು ಮೊದಲು ಕಲಿಯಬೇಕೆಂಬ ನಿಯಮ ಸ್ವಂತ ಮನೆಗೂ ಅನ್ವಯಿಸುತ್ತದೆ.

ನಿರ್ಧಾರದ ಒಂದು ಮಾನದಂಡ

ಮನೆಯ ಕರ್ತವ್ಯ ದೊಡ್ಡದೋ ಜಗತ್ತಿನ ಕರ್ತವ್ಯ ದೊಡ್ಡದೋ ಎಂದು ತೂಗಲು ಹೊರಟರೆ ನಿರ್ಧಾರ ಎಂದಿಗೂ ಆಗುವುದಿಲ್ಲ; ಎರಡನ್ನೂ ಅಳೆಯುವ ಒಂದೇ ಅಳತೆಗೋಲು ಇಲ್ಲ, ಮತ್ತು ಉತ್ಸಾಹ ಹೆಚ್ಚಿದ ದಿನ ಒಂದು ಉತ್ತರವೂ ಅಪರಾಧಿ ಭಾವ ಹೆಚ್ಚಿದ ದಿನ ಇನ್ನೊಂದು ಉತ್ತರವೂ ಬರುತ್ತಿರುತ್ತದೆ. ಅದರ ಬದಲು ಎರಡು ಪಟ್ಟಿಗಳನ್ನು ಬರೆದು ನೋಡುವುದು ಹೆಚ್ಚು ಪ್ರಯೋಜನಕಾರಿ. ಮನೆಯ ಕೆಲಸಗಳ ಪಟ್ಟಿಯಲ್ಲಿ ಪ್ರತಿ ಕೆಲಸದ ಎದುರಿಗೆ ಅದನ್ನು ಮಾಡಲು ಒಪ್ಪಿದ ಒಬ್ಬರ ಹೆಸರು ಇರಬೇಕು, ಅವರು ನಷ್ಟ ಮಾಡಿಕೊಳ್ಳುವುದೇನೆಂಬುದು ಅದರ ಪಕ್ಕದಲ್ಲಿರಬೇಕು. ಅಲ್ಲಿಯ ಕೆಲಸಗಳ ಪಟ್ಟಿಯನ್ನು ನೇಮಿಸುವ ಸಂಸ್ಥೆಯಿಂದ ಕೇಳಿ ಪಡೆದು, ಹಿಂದಿನವರು ಯಾರು, ಮುಂದಿನವರು ಯಾರು, ಜೊತೆಗಿರುವ ಸ್ಥಳೀಯ ಸಿಬ್ಬಂದಿ ಯಾರು ಎಂಬುದನ್ನು ತಿಳಿಯಬೇಕು. ಇದನ್ನು ಕೇಳಿದಾಗ ಸ್ಪಷ್ಟವಾಗಿ ಉತ್ತರಿಸಬಲ್ಲ ಸಂಸ್ಥೆ ಸಾಮಾನ್ಯವಾಗಿ ಸುರಕ್ಷತೆಯ ವಿಷಯದಲ್ಲೂ ಶಿಸ್ತಿನದಾಗಿರುತ್ತದೆ.

ಎರಡು ಪಟ್ಟಿಗಳಲ್ಲಿ ಯಾವುದಾದರೊಂದರಲ್ಲಿ ಹೆಸರಿನ ಜಾಗ ಖಾಲಿ ಉಳಿದರೆ ಆ ಬಾರಿ ಹೋಗದಿರುವುದೇ ಸರಿ. ಸಂಸ್ಥೆಗಳು ಆಯ್ಕೆಯಾದವರ ಹೆಸರುಗಳನ್ನು ಕಾಯ್ದಿರಿಸಿದ ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತವೆ, ಒಮ್ಮೆ ಈಗ ಸಾಧ್ಯವಿಲ್ಲವೆಂದವರನ್ನು ಮತ್ತೆ ಕೇಳುತ್ತವೆ. ಬರಲಾಗದು ಎಂಬ ಉತ್ತರವನ್ನು ಬೇಗ ಕೊಟ್ಟಷ್ಟೂ ಬೇರೊಬ್ಬರನ್ನು ಹುಡುಕಲು ಅವುಗಳಿಗೆ ಅನುಕೂಲ. ಅರೆಮನಸ್ಸಿನಿಂದ ಒಪ್ಪಿ, ಮನೆಯ ಏರ್ಪಾಡು ಕುಸಿದು ನಡುವೆಯೇ ಹಿಂದಿರುಗಿದರೆ, ಅಲ್ಲಿ ಒಂದು ಶಸ್ತ್ರಚಿಕಿತ್ಸಾ ಕೊಠಡಿ ಅರಿವಳಿಕೆ ತಜ್ಞರಿಲ್ಲದೆ ಉಳಿಯುತ್ತದೆ. ಎರಡೂ ಪಟ್ಟಿಗಳು ತುಂಬಿದವರು ಹಿಂಜರಿಯಬೇಕಾಗಿಲ್ಲ. ಮೂರು ತಿಂಗಳಲ್ಲಿ ಒಬ್ಬರಿಂದ ಒಂದು ದೇಶ ಬದಲಾಗುವುದಿಲ್ಲ. ಆ ಮೂರು ತಿಂಗಳು ಆ ಕೊಠಡಿ ಮುಚ್ಚದೆ ನಡೆಯುತ್ತದೆ, ಅಲ್ಪಾವಧಿಯ ಕರೆ ಕೇಳುವುದೂ ಅಷ್ಟನ್ನೇ.